ಅಕ್ಕುವಿನ ಬಣ್ಣ

ಕಜೆಟನ್ ಆ ಸುದ್ದಿ ಓದಿ ಹೇಳುವ ಹೊತ್ತಿಗೆ ಸೋಫಿಯಾ ಮಲ್ಲಿಗೆ ಕೊಯ್ದು ಮುಗಿಸಿ, ಸಿಟೌಟಿನ ನೆಲದಲ್ಲಿ ಕಾಲು ಚಾಚಿ ಕುಳಿತು ಮೊಗ್ಗು ಕಟ್ಟುತ್ತಿದ್ದಳು. ಹನ್ನೊಂದು ಗಂಟೆಯ ಒಳಗೆ ಚೆಂಡು ಕಟ್ಟಿ ಮುಗಿಸದಿದ್ದರೆ ಹೂ ಒಯ್ಯುವವನು ಕಾಯುವುದಿಲ್ಲ. ಶಂಕರಪುರದಲ್ಲಿ ಬೆಳಗಿನ ಹೊತ್ತು ಯಾರಿಗೂ ಪುರುಸೊತ್ತು ಇರುವುದಿಲ್ಲ. ಇದ್ದವನು ಅವಳ ಗಂಡ ಒಬ್ಬನೇ. ಇಪ್ಪತ್ತೆರಡು ವರ್ಷ ಕುವೈಟಿನಲ್ಲಿ ಕ್ರೇನ್ ಓಡಿಸಿ ಬಂದ ಮೇಲೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಫೋನಿನಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುವುದು ಅವನ ಉದ್ಯೋಗವಾಗಿತ್ತು.

"ಸೋಫಿ, ನಿನ್ನ ಅಕ್ಕು ಟೀವಿಗೆ ಬರ್ತಾಳಂತೆ," ಅಂದ ಕೊಂಕಣಿಯಲ್ಲಿ.

"ಯಾವ ಅಕ್ಕು?"

"ಎಷ್ಟು ಅಕ್ಕು ಉಂಟು ನಿನಗೆ? ತೆರೆಗಾತಿ ಅಕ್ಕು."

ನಾರಿನ ಗಂಟು ಬಿಗಿಯುತ್ತಿದ್ದ ಅವಳ ಬೆರಳು ಅಲ್ಲೇ ನಿಂತಿತು.

ಮಣಿಪಾಲದಿಂದ ಹಿಂದೆ ‘ಕಿರುದೋಣಿ’ ಎಂಬ ಮಕ್ಕಳ ಮಾಸಪತ್ರಿಕೆ ಬರುತ್ತಿತ್ತು. ಅದರ ನಡುಪುಟಗಳಲ್ಲಿ ಎಂಟು ವರ್ಷ ಓಡಿದ ಚಿತ್ರಕಥೆ ‘ತೆರೆಗಾತಿ’. ಕಾಪುವಿನ ದೀಪಸ್ತಂಭದಲ್ಲಿ ದೀಪ ನೋಡಿಕೊಳ್ಳುವವನ ಮಗಳು ಅಕ್ಕು. ಅರ್ಧ ದಿನ ಉಸಿರು ಹಿಡಿದು ಕಡಲಿನೊಳಗೆ ಓಡಾಡುವವಳು, ಮುಳುಗಿದವರನ್ನು ಎಳೆದು ತರುವವಳು. ಕಥೆಯೂ ಗೆರೆಯೂ ಕುಕ್ಕುಂದೂರಿನ ತಾರಾನಾಥ ಮಾಸ್ಟ್ರದ್ದು. ಅವರು ಕಪ್ಪು ಶಾಯಿಯಲ್ಲಿ ಬರೆದು ಕಳಿಸಿದ ಪುಟಗಳಿಗೆ ಬಣ್ಣ ತುಂಬುತ್ತಿದ್ದವಳು ಸೋಫಿಯಾ. ಪತ್ರಿಕೆ ನಿಂತು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಆಗ ಓದಿದ ಮಕ್ಕಳು ಈಗ ತಲೆ ನರೆತವರಾಗಿ, ಅಕ್ಕುವನ್ನು ಮರೆಯದೆ ಫೋನಿನೊಳಗೆ ಒಂದು ಬಳಗ ಕಟ್ಟಿಕೊಂಡಿದ್ದಾರೆಂದು ಅವಳಿಗೆ ಗೊತ್ತಿತ್ತು. ಆ ಕಡೆ ತಲೆ ಹಾಕಿರಲಿಲ್ಲ, ಅಷ್ಟೆ.

"ಅಕ್ಕು ಆಗುವ ಹುಡುಗಿ ಯಾರು?" ಕೇಳಿದಳು.

ಕಜೆಟನ್ ಫೋನು ತಿರುಗಿಸಿ ತೋರಿಸಿದ. ತಲೆಗೆ ಅಂಟಿದ ಹಾಗೆ ಕತ್ತರಿಸಿದ ಗುಂಗುರು ಕೂದಲು, ಅಗಲವಾದ ಹಣೆ, ಎದುರಿದ್ದವರನ್ನು ತೂಗಿ ನೋಡುವ ಕಣ್ಣು. ಮೈಬಣ್ಣ ಅಚ್ಚ ಕಪ್ಪು. ಹೆಸರು ಶರೋನ್ ಸಿದ್ದಿ. ಹಳಿಯಾಳದ ಕಡೆಯವಳು, ಮಣಿಪಾಲದಲ್ಲಿ ಓದಿ ಅಲ್ಲೇ ನಾಟಕ ಮಾಡಿಕೊಂಡಿದ್ದವಳು. ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದಿಳಿದು, ತಪ್ಪಿಸಿಕೊಂಡು ಕಾಡು ಸೇರಿದ ಸಿದ್ದಿಗಳ ಮನೆಯ ಹುಡುಗಿ.

"ಒಟ್ಟು ಎಂಟುನೂರು ಜನ ಬರೆದಿದ್ದಾರೆ ಕೆಳಗೆ," ಎಂದು ಕಜೆಟನ್ ಓದತೊಡಗಿದ. "‘ಅಕ್ಕು ನಮ್ಮ ತುಳುನಾಡಿನ ಹೆಣ್ಣು, ಇವಳು ಯಾವ ಸೀಮೆಯವಳು?’ ಇದಕ್ಕೆ ಇನ್ನೊಬ್ಬ, ‘ಸಿದ್ದಿಗಳು ನಾಲ್ಕುನೂರು ವರ್ಷದಿಂದ ಇಲ್ಲಿಯವರು, ಮೊದಲು ಸ್ವಲ್ಪ ಓದಿಕೊಳ್ಳಿ.’ ಮತ್ತೊಬ್ಬ ಕೇಳ್ತಾನೆ, ‘ಮುಂಬೈಯ ಬೆಳ್ಳಗಿನ ಹುಡುಗಿಯನ್ನು ತಂದಿದ್ದರೆ ನೀವು ಬಾಯಿ ತೆರೆಯುತ್ತಿದ್ದಿರಾ?’ ಇವನು ನೋಡು, ‘ನನಗೆ ಕಪ್ಪು ಬಿಳುಪು ಎಂತ ಭೇದವೂ ಇಲ್ಲ, ಆದರೆ ಪುಸ್ತಕದಲ್ಲಿ ಇದ್ದ ಹಾಗೆ ಇರಬೇಕು. ಮೂಲ ಬಣ್ಣ ಉಳಿಸಿ.’ ಹೋ, ಅದನ್ನೇ ಎಲ್ಲರೂ ಬರೀತಿದ್ದಾರೆ. ಮೂಲ ಬಣ್ಣ ಉಳಿಸಿ, ಮೂಲ ಬಣ್ಣ ಉಳಿಸಿ."

ಒಬ್ಬ ಹಳೆಯ ಪುಟವೊಂದನ್ನೂ ಶರೋನಳ ಫೋಟೋವನ್ನೂ ಅಕ್ಕಪಕ್ಕ ಇಟ್ಟು ಹಾಕಿದ್ದ. ಎಡಗಡೆ ಸೋಫಿಯಾ ಬಣ್ಣ ಹಚ್ಚಿದ ಅಕ್ಕು. ಹಾಲಿಗೆ ಒಂದೆಳೆ ಕೇಸರಿ ಹಾಕಿದ ಹಾಗಿನ ಮೈ, ಕೆನ್ನೆಯ ಮೇಲೆ ಒಂದಿಷ್ಟು ಗುಲಾಬಿ.

"ಸಾಕು ಕಜೆಟನ್, ಬೇರೆ ಎಂತಾದರೂ ಓದು," ಎಂದು ಅವಳು ನಾರು ಎಳೆದುಕೊಂಡಳು. ಆವತ್ತು ಕಟ್ಟಿದ ಚೆಂಡಿನಲ್ಲಿ ಎರಡು ಕಡೆ ಗಂಟು ಸಡಿಲ ಬಿದ್ದು, ಹೂ ಒಯ್ಯುವವನು ಹುಬ್ಬು ಗಂಟಿಕ್ಕಿದ.

ವಾರ ಕಳೆದು ಪ್ರತೀಕ್ ಎಂಬವನು ಮನೆಗೇ ಬಂದ. ಉಡುಪಿಯ ಒಂದು ಬ್ಯಾಂಕಿನಲ್ಲಿ ಕೆಲಸ, ಮೂವತ್ತೇಳರ ಪ್ರಾಯ. ತೆರೆಗಾತಿ ಬಳಗವನ್ನು ನಡೆಸುತ್ತಿದ್ದವನು ಅವನೇ. ತಾರಾನಾಥರನ್ನು ಕೇಳಿ ವಿಳಾಸ ಹಿಡಿದಿದ್ದ. ಬ್ಯಾಗಿನಿಂದ ಹಳೆಯ ‘ಕಿರುದೋಣಿ’ಗಳನ್ನು ತೆಗೆದು ಮೇಜಿನ ಮೇಲೆ ಇಟ್ಟ. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ತೆರೆಯುವ ಮುಂಚೆ ಕೈ ಒರೆಸಿಕೊಂಡ. ಜಗಳಗಂಟನೊಬ್ಬ ಬರುತ್ತಾನೆಂದು ಕಾದಿದ್ದ ಸೋಫಿಯಾಳಿಗೆ ಅವನ ಆ ನಯ ನೋಡಿ ಕಷ್ಟವೇ ಆಯಿತು. ಜಗಳಗಂಟನಾಗಿದ್ದರೆ ಚಾ ಕೊಟ್ಟು ಕಳಿಸಿಬಿಡಬಹುದಿತ್ತು.

"ಏಳು ವರ್ಷದವನಿರುವಾಗ ನನಗೆ ಟೈಫಾಯ್ಡ್ ಆಂಟಿ," ಅಂದ. "ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಅಪ್ಪ ಈ ಸಂಚಿಕೆ ತಂದುಕೊಟ್ಟರು. ಜ್ವರ ಏರಿದಾಗ ಅಕ್ಕು ಬಂದು ನನ್ನನ್ನು ಎಳೆದುಕೊಂಡು ಮೇಲೆ ತರ್ತಾಳೆ ಅಂತ ನಂಬಿ ಮಲಗ್ತಿದ್ದೆ. ನನಗೆ ಅವಳದ್ದು ಒಂದು ಮುಖ ಉಂಟು. ಅದನ್ನು ಬದಲಿಸಿದರೆ ನನ್ನ ಬಾಲ್ಯವನ್ನೇ ಯಾರೋ ತಿದ್ದಿದ ಹಾಗೆ ಆಗ್ತದೆ. ಇದನ್ನು ಹೇಳಿದರೆ ನಾನು ಜನಾಂಗ ದ್ವೇಷಿಯಂತೆ. ದಿನಾ ಬೈಗಳು ತಿಂದು ಸಾಕಾಗಿದೆ."

"ಆ ಹುಡುಗಿಗೂ ಬೈಗಳು ಬೀಳ್ತದಲ್ಲ?"

"ಬೀಳ್ತದೆ. ಕೆಟ್ಟದ್ದನ್ನು ನಾನೇ ಅಳಿಸ್ತೇನೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಕೂತು ಅಳಿಸುವುದೇ ಕೆಲಸ." ಅವನು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. "ನೀವು ಒಂದು ಮಾತು ಹೇಳಿದರೆ ಎಲ್ಲ ಮುಗೀತದೆ. ಈ ಬಣ್ಣ ತಾರಾನಾಥರ ತೀರ್ಮಾನವೇ ಅಲ್ವಾ?"

ಪುಟದ ಪಕ್ಕದಲ್ಲೇ ಚಾದ ಲೋಟ ಹಿಡಿದ ಅವಳ ಕೈ ಇತ್ತು. ಕಾದ ಬಾಣಲೆಯ ಬುಡದಂಥ ಬಣ್ಣದ ಕೈ. ಅವನು ಅದನ್ನು ನೋಡಲಿಲ್ಲ.

"ಮಾಸ್ಟ್ರನ್ನು ಕೇಳಬೇಕು," ಅಂದಳು.

"ಅವರು ‘ಬಣ್ಣದ ವಿಷಯ ಸೋಫಿಯಾಳಿಗೆ ಗೊತ್ತು’ ಅಂತಾರೆ. ನೀವು ಮಾಸ್ಟ್ರಿಗೆ ಗೊತ್ತು ಅಂತೀರಿ." ಪ್ರತೀಕ್ ನಕ್ಕ. ಬರುವ ತಿಂಗಳು ಎರಡನೆಯ ಆದಿತ್ಯವಾರ ಮಣಿಪಾಲದಲ್ಲಿ ಬಳಗದವರ ಸಭೆ ಉಂಟು, ದಯವಿಟ್ಟು ಬಂದು ಎಲ್ಲರೆದುರು ಹೇಳಬೇಕು ಎಂದು ಕೇಳಿಕೊಂಡು ಹೋದ.

ಅವನಿಗೆ ಹೇಳಲಾಗದ್ದು ಅವಳಿಗೆ ಮರೆತಿರಲಿಲ್ಲ. ಮೊದಲ ಕಂತಿನ ಮೊದಲ ಪುಟದ ಅಂಚಿನಲ್ಲಿ ಮಾಸ್ಟ್ರು ಪೆನ್ಸಿಲಿನಲ್ಲಿ ಬರೆದಿದ್ದರು: ‘ಅಕ್ಕು ಕಪ್ಪು. ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪಿನ ಹಾಗೆ, ಒದ್ದೆಯಾದಾಗ ಹೊಳೆಯುವ ಕಪ್ಪು.’ ಆಗ ಅವಳಿಗೆ ಇಪ್ಪತ್ತೈದು. ಆ ವರ್ಷ ಮೂರು ಕಡೆಯವರು ಹೆಣ್ಣು ನೋಡಲು ಬಂದು ಹೋಗಿದ್ದರು. ಹುಡುಗಿ ಒಳ್ಳೆಯವಳು, ಇಗರ್ಜಿಯಲ್ಲಿ ಚೆನ್ನಾಗಿ ಹಾಡುತ್ತಾಳೆ, ಕೆಲಸವೂ ಉಂಟು ಎಂದು ಹೊಗಳಿ, ಒಂದು ‘ಆದರೆ’ ಇಟ್ಟು ಎದ್ದಿದ್ದರು. ಮೂರನೆಯವರು ಬಂದು ಹೋದ ಮರುದಿನವೇ ಆ ಪುಟ ಅವಳ ಮೇಜಿಗೆ ಬಂತು. ಎರಡು ಮುಖ ಮಾಡಿ ನೋಡಿದಳು, ಒಂದು ಬರೆದ ಹಾಗೆ, ಇನ್ನೊಂದು ತನಗೆ ಬೇಕಾದ ಹಾಗೆ. ಪತ್ರಿಕೆಯ ಮ್ಯಾನೇಜರರ ಬಳಿ ಒಯ್ದರೆ ಅವರು ಟೆಲಿಫೋನಿನಲ್ಲಿದ್ದರು. "ನೀವೇ ನೋಡಿ ಮಾಡಿ ಮಾರಾಯ್ರೇ," ಎಂದು ಕೈಯಾಡಿಸಿದರು. ಅವಳು ನೋಡಿ ಮಾಡಿದಳು. ಯಾರೂ ಒತ್ತಾಯ ಮಾಡಿರಲಿಲ್ಲ. ಪೆನ್ಸಿಲಿನ ಬರಹವನ್ನು ರಬ್ಬರಿನಿಂದ ಉಜ್ಜಿದವಳೂ ಅವಳೇ. ಅಚ್ಚಾಗಿ ಬಂದ ಪುಟ ನೋಡಿ ಮಾಸ್ಟ್ರು ಎಂತ ಹೇಳುತ್ತಾರೋ ಎಂದು ಎರಡು ದಿನ ಕಾದಳು. ಅವರು ಎಂತದೂ ಹೇಳಲಿಲ್ಲ. ಎರಡನೆಯ ಕಂತಿನ ಅಂಚಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಮತ್ತೆ ಎಂಟು ವರ್ಷ, ಅಕ್ಕು ಬಿಳಿಯಾಗಿಯೇ ಈಜಿದಳು.

ಪ್ರತೀಕ್ ಬಂದು ಹೋದ ಮೂರನೆಯ ದಿನ, ಹೂ ಕಟ್ಟಿ ಕೊಟ್ಟು, ಅವಳೂ ಕಜೆಟನನೂ ಬಸ್ಸು ಹಿಡಿದರು. ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ. ಅಲ್ಲಿಂದ ರಿಕ್ಷಾದಲ್ಲಿ ಕುಕ್ಕುಂದೂರು. ತಾರಾನಾಥರಿಗೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಎದುರಿದ್ದವರು ಯಾರೆಂದು ಸ್ವರದಿಂದ ತಿಳಿಯಬೇಕಾಗಿತ್ತು. ಮಗಳು ಪ್ರಣೀತಾ ಅಪ್ಪನನ್ನು ಜಗಲಿಗೆ ಕರೆತಂದು ಕೂರಿಸಿ, ಊಟದ ಬಿಡುವು ಮುಗಿಯಿತೆಂದು ಶಾಲೆಗೆ ಹೊರಟಳು. ಅವಳು ಪಕ್ಕದ ಶಾಲೆಯಲ್ಲಿ ಟೀಚರು.

"ಸೋಫಿಯಾ ಅಲ್ವಾ? ಕೆಮ್ಮಿನಲ್ಲೇ ಗೊತ್ತಾಯ್ತು," ಅಂದರು.

ಸುತ್ತು ಬಳಸಿ ಹೇಳಲು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದ ಮಾತೆಲ್ಲ ಬಾಯಿಗೆ ಬರಲಿಲ್ಲ. "ಮಾಸ್ಟ್ರೇ, ಅಕ್ಕುವನ್ನು ಬಿಳಿ ಮಾಡಿದ್ದು ನಾನು. ನೀವು ಬರೆದದ್ದನ್ನು ಉಜ್ಜಿ ಹಾಕಿದ್ದೂ ನಾನೇ."

ತಾರಾನಾಥರು ಅವಳ ಸ್ವರ ಬಂದ ಕಡೆ ಮುಖ ತಿರುಗಿಸಿದರು.

"ಮ್ಯಾನೇಜರ್ ಮಾಡಿಸಿದ್ದು ಅಲ್ವಾ?"

"ಅಲ್ಲ."

"ಅಯ್ಯೋ ಮಾರಾಯ್ತಿ." ಅವರು ನಗಲು ಹೋದರು; ನಗು ಅರ್ಧಕ್ಕೆ ನಿಂತಿತು. "ಮೂವತ್ತನಾಲ್ಕು ವರ್ಷದಿಂದ ನಾನು ಆ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೇನೆ. ಅವನು ತೀರಿಹೋದಾಗ ಮಣ್ಣಿಗೂ ಹೋಗಲಿಲ್ಲ. ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲಿ ಕೂತಿದ್ದೆ."

"ನೀವು ಆವತ್ತೇ ಕೇಳಬಹುದಿತ್ತು."

"ಕೇಳಬಹುದಿತ್ತು. ಕೇಳಿದರೆ ಕಥೆಯನ್ನೇ ನಿಲ್ಲಿಸ್ತಾರೋ ಅಂತ ಹೆದರಿಕೆ. ಶಾಲೆಯ ಡ್ರಾಯಿಂಗ್ ಮಾಸ್ಟ್ರ ಹೆಸರು ಪತ್ರಿಕೆಯಲ್ಲಿ ಬರುವುದು ಆಗ ಸಣ್ಣ ಮಾತಾ? ಅಕ್ಕುವಿನ ಬಣ್ಣಕ್ಕಿಂತ ನನ್ನ ಹೆಸರು ದೊಡ್ಡದಾಯ್ತು." ಅವರು ಪಂಚೆಯ ಅಂಚು ಮಡಚಿದರು, ಬಿಡಿಸಿದರು. "ಕಾಪುವಿನ ಬಂಡೆಯ ಹತ್ತಿರ ಪಚ್ಚಿಲೆ ಕೀಳುವ ಒಂದು ಹುಡುಗಿಯನ್ನು ನೋಡಿದ್ದೆ. ಮುಳುಗಿದವಳು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ನಾನು ಕೂಗಲು ಬಾಯಿ ತೆರೆಯುವಾಗ ಎದ್ದಳು, ಬಾಯಲ್ಲಿ ಕತ್ತಿ ಕಚ್ಚಿಕೊಂಡು. ಇಷ್ಟೇ. ಮತ್ತೆ ನೋಡಲಿಲ್ಲ. ಅವಳ ಕೈಗೆ ಪತ್ರಿಕೆ ಹೋಗಿದ್ದರೂ ತನ್ನದೇ ಚಿತ್ರ ಅಂತ ಗೊತ್ತಾಗ್ತಿರಲಿಲ್ಲ."

ಸೋಫಿಯಾ ಕ್ಷಮೆ ಕೇಳಿದಳು. ಅವರು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ಸಭೆಯಲ್ಲಿ ಹೇಳುವುದಾದರೆ ಹೇಳು. ನನ್ನ ಭಯವನ್ನೂ ಹೇಳು," ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಜೆಟನ್ ಅಪರೂಪಕ್ಕೆ ಫೋನು ತೆಗೆಯಲಿಲ್ಲ. ಬೆಳ್ಮಣ್ಣಿನ ಹತ್ತಿರ ಒಮ್ಮೆ ಅವಳ ಕೈ ಮೇಲೆ ಕೈ ಇಟ್ಟ. "ನಾನು ನಾಲ್ಕನೆಯವನು," ಅಂದ. "ನಾನು ‘ಆದರೆ’ ಅನ್ನಲಿಲ್ಲ." ಅವಳಿಗೆ ನಗು ಬಂತು. ಆದರೂ ಸಮಾಧಾನವಾಗಲಿಲ್ಲ.

ಮಣಿಪಾಲದ ಸಭೆಯಲ್ಲಿ ನೂರಿಪ್ಪತ್ತು ಜನ ಸೇರಿದ್ದರು. ಕೆಲವರು ಅಕ್ಕುವಿನ ಚಿತ್ರವಿದ್ದ ಅಂಗಿ ಹಾಕಿಕೊಂಡು ಬಂದಿದ್ದರು. ವೇದಿಕೆಯ ಹಿಂದೆ ಅವಳೇ ಹಚ್ಚಿದ ಹಾಲುಗೆನ್ನೆ, ಎಂಟಡಿ ಎತ್ತರಕ್ಕೆ. ಪ್ರತೀಕ್ ಅವಳಿಗೆ ಹೂಗುಚ್ಛ ಕೊಟ್ಟು ಮೈಕು ಹಿಡಿಸಿದ.

"ಅಕ್ಕುವಿನ ಬಣ್ಣ ಯಾರೂ ಹೇಳಿ ಮಾಡಿಸಿದ್ದಲ್ಲ," ಎಂದು ಸೋಫಿಯಾ ಶುರುಮಾಡಿದಳು. "ನಾನೇ ಯೋಚಿಸಿ ಹಚ್ಚಿದ್ದು. ನನಗೆ ಅವಳು ಹಾಗೆಯೇ ಚಂದ ಕಂಡಳು." ಚಪ್ಪಾಳೆ ಬಿತ್ತು. ಅದು ನಿಲ್ಲುವ ತನಕ ಕಾದು ಮುಂದುವರಿಸಿದಳು. "ಅದು ತಪ್ಪು. ತಾರಾನಾಥರು ಅಕ್ಕು ಕಪ್ಪು ಅಂತ ಬರೆದಿದ್ದರು. ಆ ಬರಹವನ್ನು ನಾನು ಅಳಿಸಿದೆ. ಕತೆ ನಿಂತುಹೋಗುವ ಹೆದರಿಕೆಯಿಂದ ಅವರು ಸುಮ್ಮನಿದ್ದರು. ಮೂಲ ಬಣ್ಣ ಅಂತ ನೀವು ಹೇಳುವುದು ಮೂಲ ಅಲ್ಲ."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಳಿಸಿದ ಬರಹಕ್ಕೆ ಸಾಕ್ಷಿ ಎಂತ ಉಂಟು ಎಂದು ಒಬ್ಬ ಎದ್ದು ಕೇಳಿದ. ಕಪ್ಪು ಎಂದರೆ ನಮ್ಮ ಕರಾವಳಿಯ ಕಪ್ಪು ಬೇರೆ, ಆಫ್ರಿಕಾದ ಕಪ್ಪು ಬೇರೆ, ಮೂಗು ತುಟಿ ಎಲ್ಲ ಬೇರೆ ಎಂದು ಇನ್ನೊಬ್ಬ. "ನಮ್ಮ ಮೊಗವೀರರ ಹುಡುಗಿಗೆ ಸಲ್ಲಬೇಕಾದ ಪಾತ್ರ ಅದು. ಹೂಡೆಯಲ್ಲಿ, ಮಲ್ಪೆಯಲ್ಲಿ ಕಪ್ಪು ಹುಡುಗಿಯರು ಇಲ್ಲವಾ? ಅವರಿಗೆ ಯಾಕೆ ಕೊಡಲಿಲ್ಲ?" ಎಂದು ಮೀನುಗಾರರ ಮನೆಯ ಚೈತಾಲಿ ಎಂಬ ಹುಡುಗಿ ಕೇಳಿದಾಗ ಸೋಫಿಯಾಳಿಗೆ ಅದರಲ್ಲಿ ನ್ಯಾಯ ಉಂಟು ಅನ್ನಿಸಿತು. ಆದರೆ ಚೈತಾಲಿಯ ಮಾತು ಮುಗಿಯುವ ಮೊದಲೇ ಅವಳನ್ನೂ ಒಂದು ಪಕ್ಷಕ್ಕೆ ಸೇರಿಸಿ ಕೂಗಾಟ ಎದ್ದಿತು. ಕಾಲೇಜಿನ ಇಬ್ಬರು ಶತಮಾನಗಳ ಅನ್ಯಾಯದ ಬಗ್ಗೆ ಹೇಳಿದರು. ಹೇಳಿದ್ದು ಸರಿಯೇ ಇತ್ತು. ಹೇಳುವಾಗ ಅವರು ಸೋಫಿಯಾಳ ಕಡೆ ಬೆರಳು ತೋರಿಸುತ್ತಿದ್ದರು. ಅವಳು ಮೈಕನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಯಾರೂ ಅವಳನ್ನು ಮತ್ತೆ ಏನೂ ಕೇಳಲಿಲ್ಲ. ಪ್ರತೀಕ್ ಮಾತ್ರ ವೇದಿಕೆಯ ಮೂಲೆಯಲ್ಲಿ ನಿಂತು, ಅವಳನ್ನೇ ನೋಡುತ್ತಿದ್ದ, ಮನೆಯವರು ಯಾರೋ ಹೋದ ಸುದ್ದಿ ಬಂದವನ ಹಾಗೆ.

ಮರುದಿನ ಇಪ್ಪತ್ತು ಸೆಕೆಂಡಿನ ಒಂದು ತುಣುಕು ಫೋನುಗಳಲ್ಲಿ ಓಡಾಡಿತು. ‘ನಾನೇ ಯೋಚಿಸಿ ಹಚ್ಚಿದ್ದು. ನನಗೆ ಅವಳು ಹಾಗೆಯೇ ಚಂದ ಕಂಡಳು.’ ಚಪ್ಪಾಳೆ. ಅಲ್ಲಿಗೆ ಕತ್ತರಿ. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಬಣ್ಣ ಹಚ್ಚಿದವರೇ ಹೇಳಿದ ಮೇಲೆ ಇನ್ನೇನು ಬೇಕು?’ ಅದನ್ನು ನೋಡಿದ ಇನ್ನೊಂದು ಕಡೆಯವರು ಅವಳನ್ನು ಬೈದರು. ಮುದುಕಿಗೆ ಬಿಳಿ ತೊಗಲಿನ ಹುಚ್ಚು ಎಂದರು. ಪೂರ್ತಿ ಮಾತು ಕೇಳಿದ್ದವರಲ್ಲಿ ಕೆಲವರು, ಧಾರಾವಾಹಿ ಮಾಡುವ ಕಂಪೆನಿಯವರು ಅವಳನ್ನು ಒಲಿಸಿಕೊಂಡು ಸುಳ್ಳು ಹೇಳಿಸಿದ್ದಾರೆ ಎಂದರು. ಕಜೆಟನ್ ಮೊದಲೆರಡು ದಿನ ಓದಿ ಹೇಳಿದ. ಮೂರನೆಯ ದಿನ ಓದಿದ, ಹೇಳಲಿಲ್ಲ. ಆದಿತ್ಯವಾರ ಇಗರ್ಜಿಯಿಂದ ಹೊರಗೆ ಬರುವಾಗ ಗೆಳತಿ ಸೆಲೀನ್ ಪಕ್ಕಕ್ಕೆ ಕರೆದು, "ನಿನಗೆ ಈ ಪ್ರಾಯದಲ್ಲಿ ಇದೆಲ್ಲ ಬೇಕಿತ್ತಾ ಸೋಫಿ? ಬಣ್ಣ ಹಚ್ಚಿದ್ದಕ್ಕೂ ಯಾರಾದರೂ ಪಾಪ ನಿವೇದನೆ ಮಾಡ್ತಾರಾ?" ಎಂದಳು.

ಸೋಫಿಯಾ ಒಂದು ಪತ್ರ ಬರೆಯಲು ಕುಳಿತಳು. ಎಲ್ಲವನ್ನೂ ಮೊದಲಿನಿಂದ ವಿವರಿಸಿ, ಕಜೆಟನನ ಕೈಯಲ್ಲಿ ಫೋಟೋ ತೆಗೆಸಿ ಬಳಗಕ್ಕೆ ಕಳಿಸುವ ಪತ್ರ. ನಾಲ್ಕು ಪುಟವಾಯಿತು. ಐದನೆಯ ಪುಟದಲ್ಲಿರುವಾಗ ಗೇಟಿನ ಸದ್ದಾಯಿತು.

ಜೀನ್ಸಿನ ಮೇಲೆ ಕುರ್ತಾ, ಹೆಗಲಿಗೆ ಶಾಲು. ಫೋಟೋದಲ್ಲಿ ಕಂಡಷ್ಟು ಎತ್ತರವಿರಲಿಲ್ಲ. "ಸೋಫಿಯಾ ಆಂಟಿಯ ಮನೆ ಇದೇ ಅಲ್ವಾ?" ಎಂದು ಕೊಂಕಣಿಯಲ್ಲಿ ಕೇಳಿದಳು ಶರೋನ್.

ಸೋಫಿಯಾ ಬೆರಗಾದಳು. ಆ ಕೊಂಕಣಿ ಇಲ್ಲಿಯದ್ದಲ್ಲ. ಮರಾಠಿಯೂ ಬಯಲು ಸೀಮೆಯ ಕನ್ನಡವೂ ಸೇರಿ, ಕೊನೆಯಲ್ಲಿ ಬೇರೆಯದೇ ಎಳೆತ. ಆದರೂ ಒಂದು ಮಾತೂ ತಪ್ಪದೆ ತಿಳಿಯುತ್ತಿತ್ತು.

"ನಿಮ್ಮ ಮನೆಯಲ್ಲಿ ಕೊಂಕಣಿಯಾ?"

"ಮತ್ತೆ? ಅಜ್ಜಿ ಬೈಯುವುದೆಲ್ಲ ಇದರಲ್ಲೇ." ಅವಳು ಚಪ್ಪಲಿ ಬಿಟ್ಟು ಮೆಟ್ಟಿಲಲ್ಲಿ ಕುಳಿತಳು. "ಬಸ್ಸಿನಲ್ಲಿ ಕಂಡಕ್ಟರ್ ಇಂಗ್ಲಿಷಿನಲ್ಲಿ ಕೇಳಿದ, ಯಾವ ದೇಶ ಅಂತ. ಕನ್ನಡದಲ್ಲಿ ‘ಹಳಿಯಾಳ’ ಅಂದೆ. ನಕ್ಕ. ಜೋಕು ಅಂದುಕೊಂಡ."

ಸೋಫಿಯಾ ಬೆಲ್ಲ ಹಾಕಿದ ಪುನರ್ಪುಳಿಯ ಪಾನಕ ತಂದುಕೊಟ್ಟಳು. ಹುಡುಗಿ ಅದನ್ನು ಒಂದೇ ಗುಟುಕಿಗೆ ಕುಡಿದಳು. ಮುಖದಲ್ಲಿ ನಿದ್ದೆ ಕೆಟ್ಟ ಬಳಲಿಕೆ. ದಿನಾ ಬೆಳಿಗ್ಗೆ ಎರಡೆರಡು ಗಂಟೆ ಹೊತ್ತು ಕಡಲಿನಲ್ಲಿ ಈಜು ಕಲಿತು ಬರುತ್ತಿದ್ದಾಳಂತೆ. ಕಾಡಿನ ಹಳ್ಳದಲ್ಲಿ ಈಜಿದ ಅಭ್ಯಾಸ ತೆರೆಗೆ ಸಾಲದಂತೆ.

"ನೀವು ಯಾಕೆ ಅವಳಿಗೆ ಬಿಳಿ ಹಚ್ಚಿದಿರಿ?" ಎಂದು ಪೀಠಿಕೆ ಇಲ್ಲದೆ ಕೇಳಿದಳು.

ಸೋಫಿಯಾ ಹೆಣ್ಣು ನೋಡಲು ಬಂದವರ ವಿಷಯ ಹೇಳಿದಳು. ಕಜೆಟನಿಗೂ ಹೇಳಿರದ ಒಂದು ಮಾತು ಅದರೊಟ್ಟಿಗೆ ಬಂತು: ಬಣ್ಣ ತುಂಬುವಾಗ, ಆ ಮೂರು ಮನೆಯವರು ಈ ಹುಡುಗಿಯನ್ನಾದರೆ ಒಪ್ಪುತ್ತಿದ್ದರು ಎಂದು ಅವಳು ಅಂದುಕೊಂಡಿದ್ದಳು. ಹೇಳಿ ಮುಗಿಸಿ, ಹುಡುಗಿ ಸಿಟ್ಟಾಗಲಿ ಎಂದೇ ಕಾದಳು.

"ನನ್ನ ಅಕ್ಕ ಮುಖಕ್ಕೆ ಕ್ರೀಮು ಹಚ್ಚುತ್ತಾಳೆ," ಅಂದಳು ಶರೋನ್. "ಬೈಯುತ್ತೇನೆ. ಬೈದು ಬೈದು ನನಗೇ ಸಾಕಾಗಿದೆ." ಮತ್ತೆ, ಮೇಜಿನ ಮೇಲಿದ್ದ ಹಾಳೆಗಳ ಕಡೆ ನೋಡಿ, "ಅದು ಎಂತ? ನನ್ನ ವಿಷಯವಾ?"

"ಪೂರ್ತಿ ನಿಜ ಬರೆಯುತ್ತಿದ್ದೇನೆ. ಎಲ್ಲರಿಗೂ ಗೊತ್ತಾಗಲಿ."

"ಬೇಡ ಆಂಟಿ. ಅದನ್ನು ಹೇಳುವುದಕ್ಕೇ ಬಂದದ್ದು ನಾನು." ಅವಳ ಸ್ವರ ಮೆಲ್ಲಗಿತ್ತು. "ನೀವು ಒಳ್ಳೆಯದಕ್ಕೇ ಮಾತಾಡಿದಿರಿ. ಆದರೆ ನೀವು ಮಾತಾಡಿದರೆ ಅವರು ಮಾತಾಡ್ತಾರೆ, ಅವರಿಗೆ ಇವರು ಉತ್ತರ ಕೊಡ್ತಾರೆ, ಕೊನೆಗೆ ಪತ್ರಿಕೆಯವರು ಬಂದು ನನ್ನ ಬಾಯಿಗೆ ಮೈಕು ಹಿಡೀತಾರೆ. ನಿಮಗೆ ಹೇಗನ್ನಿಸ್ತದೆ, ನಿಮ್ಮ ಜನರಿಗೆ ಹೇಗನ್ನಿಸ್ತದೆ. ಎಲ್ಲ ಸಿದ್ದಿಗಳ ಪರವಾಗಿ ಉತ್ತರ ಕೊಡಬೇಕು ನಾನು. ಬೈಯುವವರಿಂದ ಒಂದು ಆಯಾಸ, ಹೊಗಳುವವರಿಂದ ಇನ್ನೊಂದು. ಪಾತ್ರದ ಪರೀಕ್ಷೆಗೆ ಕರೆದಾಗ ನಾನು ಎಂತ ಮಾಡಿ ತೋರಿಸಿದೆ ಅಂತ ಈ ಎರಡು ತಿಂಗಳಲ್ಲಿ ಒಬ್ಬರೂ ಕೇಳಲಿಲ್ಲ."

"ಎಂತ ಮಾಡಿ ತೋರಿಸಿದೆ?"

ಶರೋನ್ ತಲೆಯೆತ್ತಿ ನೋಡಿದಳು, ಇವಳು ಬಾಯಿಮಾತಿಗೆ ಕೇಳಿದ್ದೋ ಎಂದು. ಆಮೇಲೆ ಎದ್ದಳು. "ಹನ್ನೆರಡು ಜನ ಮುಳುಗಿದ ಕಂತು ಗೊತ್ತಲ್ಲ?"

ಸೋಫಿಯಾಳಿಗೆ ಗೊತ್ತಿತ್ತು. ದೋಣಿ ಮಗುಚಿ ಹನ್ನೆರಡು ಜನ ನೀರಿಗೆ ಬೀಳುತ್ತಾರೆ. ಅಕ್ಕು ಹನ್ನೊಂದು ಜನರನ್ನು ತರುತ್ತಾಳೆ. ದಡದಲ್ಲಿ ಹನ್ನೆರಡನೆಯವನ ತಾಯಿ ನಿಂತಿರುತ್ತಾಳೆ.

ಶರೋನ್ ಅಂಗಳಕ್ಕೆ ಇಳಿದು ಹತ್ತು ಹೆಜ್ಜೆ ದೂರ ಹೋಗಿ, ತಿರುಗಿ ಬಂದಳು. ಬರುವಾಗ ಮರಳು ಕಾಲನ್ನು ಎಳೆಯುತ್ತಿರುವ ಹಾಗೆ ಬಂದಳು. ಮೆಟ್ಟಿಲ ಬುಡದಲ್ಲಿ ನಿಂತು ಶಾಲಿನ ತುದಿ ಹಿಡಿದು ಹಿಂಡತೊಡಗಿದಳು. ಹಿಂಡಿದಳು, ಮತ್ತೂ ಹಿಂಡಿದಳು. ಒಣ ಬಟ್ಟೆಯಿಂದ ನೀರು ಮುಗಿಯುವುದೇ ಇಲ್ಲವೇನೋ ಎಂಬಂತೆ, ಎದುರಿದ್ದವಳ ಮುಖ ನೋಡಬೇಕಾಗಿ ಬರಬಾರದೆಂದು. ಕೊನೆಗೆ ಕೈ ನಿಂತಿತು. "ಉಸಿರು ಮುಗಿಯಿತು ದೊಡ್ಡಮ್ಮ," ಅಂದಳು ಸೋಫಿಯಾಳಿಗೆ.

ಕಜೆಟನ್ ಫೋನನ್ನು ಮಗುಚಿ ಇಟ್ಟಿದ್ದ. ಆ ಪುಟಕ್ಕೆ ಬಣ್ಣ ತುಂಬುವಾಗ ಸೋಫಿಯಾ ಸಂಜೆಯ ಆಕಾಶವನ್ನು ಚಂದ ಮಾಡುವುದರಲ್ಲಿ ಮುಳುಗಿದ್ದಳು. ಅಕ್ಕುವಿನ ಕೈ ಎಲ್ಲಿತ್ತು, ಎಂತ ಮಾಡುತ್ತಿತ್ತು ಎಂದು ನೋಡಿಯೇ ಇರಲಿಲ್ಲ.

ಹೋಗುವಾಗ ಶರೋನಳಿಗೆ ಒಂದು ಮೊಳ ಮಲ್ಲಿಗೆ ಕೊಟ್ಟಳು. ಮುಡಿಯಲು ಕೂದಲೆಲ್ಲಿ ಎಂದು ನಕ್ಕು, ಹುಡುಗಿ ಅದನ್ನು ಕೈಗೆ ಸುತ್ತಿಕೊಂಡಳು. ಐದು ಪುಟದ ಪತ್ರವನ್ನು ಸೋಫಿಯಾ ಕಳಿಸಲಿಲ್ಲ. ಹರಿಯಲೂ ಇಲ್ಲ, ಮಡಚಿ ಬೈಬಲಿನ ಕೆಳಗೆ ಇಟ್ಟಳು.

ಕಂಪೆನಿಯವರು ಶರೋನಳನ್ನು ಬದಲಿಸಲಿಲ್ಲ. ಅದನ್ನು ಕೆಲವರು ಧೈರ್ಯ ಎಂದು ಹೊಗಳಿದರು. ನಿಜ ಏನೆಂದರೆ ಮೇ ಕಳೆದರೆ ಕಡಲಿಗೆ ಇಳಿಯುವ ಹಾಗಿಲ್ಲ, ಬೇರೆ ಹುಡುಗಿಯನ್ನು ಹುಡುಕಿ ಈಜು ಕಲಿಸಲು ಅವರಿಗೆ ಸಮಯವಿರಲಿಲ್ಲ. ಬಳಗದಲ್ಲಿ ಇನ್ನೂರು ಜನ ಹೊರಗೆ ಹೋಗಿ ‘ಮೂಲ ಬಣ್ಣ’ ಎಂಬ ಬೇರೆಯೇ ಗುಂಪು ಕಟ್ಟಿಕೊಂಡರು. ಪ್ರತೀಕ್ ಎರಡರಲ್ಲೂ ಇರಲಿಲ್ಲ. ಒಂದು ದಿನ ಅವಳಿಗೆ ಅವನ ಸಂದೇಶ ಬಂತು: ‘ಆಂಟಿ, ನೀವು ಹೇಳಿದ್ದನ್ನು ನಂಬುತ್ತೇನೆ. ಆದರೆ ಕಣ್ಣು ಮುಚ್ಚಿದರೆ ನನಗೆ ಹಳೆಯ ಅಕ್ಕುವೇ ಕಾಣುತ್ತಾಳೆ. ಏನು ಮಾಡುವುದು ಗೊತ್ತಿಲ್ಲ.’ ಅವಳಿಗೂ ಗೊತ್ತಿರಲಿಲ್ಲ. ‘ನನಗೂ ಅವಳೇ ಕಾಣುತ್ತಾಳೆ’ ಎಂದು ಬರೆದಳು. ಅದು ನಿಜವಾಗಿತ್ತು.

ಏಪ್ರಿಲಿನಲ್ಲಿ ಕಾಪುವಿನಲ್ಲಿ ಚಿತ್ರೀಕರಣ ನಡೆಯುವಾಗ ತಾರಾನಾಥರನ್ನೂ ಅವಳನ್ನೂ ಕಂಪೆನಿಯವರು ಕರೆಸಿದರು. ಬಂಡೆಯ ಪಕ್ಕದಲ್ಲಿ ದೊಡ್ಡ ಕೊಡೆ, ಎರಡು ಕುರ್ಚಿ. ಹಗ್ಗ ಕಟ್ಟಿದ ಆಚೆ ಬದಿ ಜನ, ಜನರ ಕೈಯಲ್ಲೆಲ್ಲ ಫೋನು. ಶರೋನ್ ಮಂಡಿ ತನಕ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು, ತೆರೆ ಅವಳನ್ನು ತಂದು ಬಿಸಾಡಿತು. ಮತ್ತೆ ಇಳಿದಳು. ಬೆಳಕು ಸರಿ ಬರಲಿಲ್ಲವೆಂದು ಕ್ಯಾಮೆರಾದವರು ಮತ್ತೆ ಮಾಡಿಸಿದರು. ಹಗ್ಗದ ಆಚೆಯಿಂದ ಯಾರೋ ಕೊಳಕು ಮಾತೊಂದನ್ನು ಕೂಗಿದರು, ಕೆಲವರು ನಕ್ಕರು, ಒಬ್ಬಳು ಕೂಗಿದವನನ್ನು ಬೈದಳು. ಶರೋನ್ ಆ ಕಡೆಗೂ ನೋಡಲಿಲ್ಲ, ಈ ಕಡೆಗೂ ನೋಡಲಿಲ್ಲ. ಏಳನೆಯ ಸಲ ಮುಳುಗಿದವಳು ಮೇಲೆ ಬರಲು ತಡವಾಯಿತು.

ತಾರಾನಾಥರಿಗೆ ಬಿಳಿ ನೊರೆಯೂ ಅದರಾಚೆ ಒಂದು ನೆರಳೂ ಅಷ್ಟೇ ಕಾಣುತ್ತಿತ್ತು. ಅವರು ಕುರ್ಚಿಯ ತುದಿಗೆ ಸರಿದರು.

"ಬಂದಳಾ?"

"ಬಂದಳು ಮಾಸ್ಟ್ರೇ."

"ಹೇಗೆ ಕಾಣ್ತಾಳೆ?"

ಸೋಫಿಯಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಹುಡುಗಿ ಮಂಡಿ ಮಟ್ಟದ ನೀರಿನಲ್ಲಿ ಬಾಗಿ, ಎರಡೂ ಕೈಯನ್ನು ತೊಡೆಗೆ ಊರಿ ಉಸಿರು ಎಳೆದುಕೊಳ್ಳುತ್ತಿದ್ದಳು. ಬೆನ್ನು ಏರಿ ಇಳಿಯುತ್ತಿತ್ತು.

"ತುಂಬ ದಣಿದಿದ್ದಾಳೆ," ಅಂದಳು.

"ಹಾಗಾದರೆ ಯಾರಾದರೂ ಅವಳಿಗೆ ಬಿಸಿ ಏನಾದರೂ ಕೊಡ್ತಾರಾ ಇಲ್ವಾ?"

ಕೊಡುವವರು ಯಾರೂ ಕಾಣಲಿಲ್ಲ. ಎಲ್ಲರೂ ಕ್ಯಾಮೆರಾದ ಸಣ್ಣ ಪರದೆಯ ಸುತ್ತ ತಲೆ ಸೇರಿಸಿಕೊಂಡಿದ್ದರು. ಸೋಫಿಯಾ ಚಪ್ಪಲಿ ಮೆಟ್ಟಿಕೊಂಡು, ಬಿಸಿ ಮರಳಿನಲ್ಲಿ, ರಸ್ತೆಬದಿಯ ಚಾದ ಗಾಡಿಯ ಕಡೆಗೆ ನಡೆದಳು.